ಮೀನು ಬಿಟ್ಟ ಮಳೆಗಾಲ

ಒಣಮೀನಿನ ವಾಸನೆ ಬಂದರೆ ಮೂಗು ಮುಚ್ಚಿಕೊಳ್ಳದೆ ನಿಂತು ಉಸಿರೆಳೆದುಕೊಳ್ಳುವ ಧಾರವಾಡದ ಬ್ರಾಹ್ಮಣರ ಹೆಂಗಸು ಇಡೀ ಮುಂಬಯಿಯಲ್ಲಿ ನಾನೊಬ್ಬಳೇ ಇರಬೇಕು. ಮೊನ್ನೆ ಕುರ್ಲಾ ಸ್ಟೇಷನ್ನಿನ ಹೊರಗೆ ಹಾಗೇ ನಿಂತುಬಿಟ್ಟೆ. ಮಳೆ ಆಗಷ್ಟೇ ಬಿಟ್ಟಿತ್ತು. ಗೋಣಿತಾಟಿನ ಮೇಲೆ ಒಣಮೀನು ಹರವಿಕೊಂಡು ಕೂತಿದ್ದ ಹೆಂಗಸು ನನ್ನ ಸೀರೆ, ನನ್ನ ವಯಸ್ಸು ನೋಡಿ, ಮುದುಕಿ ದಾರಿ ತಪ್ಪಿ ಬಂದಿದೆ ಅಂದುಕೊಂಡಿರಬೇಕು. ಬೂತಾಯಿ ಇದೆಯೇ ಎಂದು ಕೇಳಿದೆ. ಅವಳಿಗೆ ಆ ಹೆಸರು ಗೊತ್ತಿಲ್ಲ. ಗೇಣಿಗಿಂತ ಚಿಕ್ಕದು, ಬೆಳ್ಳಿಯ ಬಣ್ಣದ್ದು ಎಂದು ಕೈಯಲ್ಲಿ ಅಳತೆ ತೋರಿಸಿದೆ. "ಮಗ್ ತಾರ್ಲೀ ಮ್ಹಣಾ ನಾ, ಆಜಿ" ಎಂದು ಮೀನಿನ ಮರಾಠಿ ಹೆಸರು ಹೇಳಿ ನಕ್ಕು, ನಾಲ್ಕು ಮೀನು ಕಾಗದದಲ್ಲಿ ಸುತ್ತಿ ಕೊಟ್ಟಳು.

ಜೀವಮಾನದಲ್ಲಿ ಮೀನು ತಿಂದವಳಲ್ಲ ನಾನು. ಕೊಂಡದ್ದೂ ಅದೇ ಮೊದಲು. ಆ ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಂಡು ನಮ್ಮ ಹಳೆಯ ಚಾಳು ಇದ್ದ ಗಲ್ಲಿಯ ಕಡೆ ನಡೆದೆ. ದಾರಿಯುದ್ದಕ್ಕೂ ಅಲ್ಲಿ ಪಕ್ಕದ ಕೋಣೆಯಲ್ಲಿದ್ದ ವನಜಳೇ ನೆನಪಾದಳು. ಅವಳು ಮೀನು ಬಿಟ್ಟ ಆ ಒಂದು ಮಳೆಗಾಲವನ್ನು ಇಷ್ಟು ವರ್ಷ ಯಾರಿಗೂ ಸರಿಯಾಗಿ ಹೇಳಿಲ್ಲ.

ಆಗಿನ್ನೂ ನಮ್ಮ ಧಾರವಾಡ ಮುಂಬಯಿ ರಾಜ್ಯದಲ್ಲಿತ್ತು, ಅವಳ ಉಡುಪಿ ಮದ್ರಾಸಿಗೆ ಸೇರಿತ್ತು. ಎರಡು ರಾಜ್ಯದವರು ಕುರ್ಲಾದ ಚಾಳಿನಲ್ಲಿ ಒಂದೇ ಗೋಡೆಯ ಆಚೆ ಈಚೆ ಇದ್ದುಕೊಂಡು ಕನ್ನಡ ಮಾತಾಡುತ್ತಿದ್ದೆವು. ನನ್ನ ಗಂಡ ರೇಲ್ವೆಯಲ್ಲಿ ಕಾರಕೂನ. ಅವಳ ಗಂಡ ಶೀನಣ್ಣ ಸ್ಟೇಷನ್ನಿನ ಹತ್ತಿರದ ಉಡುಪಿ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದ. ನಾನು ಮದುವೆಯಾಗಿ ಬಂದ ಹೊಸತು, ಊರು ಬಿಟ್ಟ ದುಃಖದಲ್ಲಿ ಯಾರ ಮೇಲಾದರೂ ಹರಿಹಾಯುತ್ತಿದ್ದೆ. ವನಜ ನನ್ನನ್ನು ಸಹಿಸಿಕೊಂಡಳು.

"ನೀವು ಸುಮ್ಮನೆ ಮಾತಾಡಿದ್ರೂ ಜಗಳ ಮಾಡಿದ ಹಾಗೆ ಕೇಳ್ತದೆ ಸುಶೀಲಕ್ಕ" ಅನ್ನುತ್ತಿದ್ದಳು.

"ನೀ ಜಗಳಾ ಮಾಡಿದ್ರೂ ಪುಸ್ತಕಾ ಓದಿಧಂಗ ಕೇಳಸ್ತದ" ಅನ್ನುತ್ತಿದ್ದೆ ನಾನು.

ಅವರ ಮನೆಯಲ್ಲಿ ದಿನಾ ಮೀನು. ಒಗ್ಗರಣೆ ಹೊಗೆ ಗೋಡೆ ದಾಟಿ ಬರುವ ಹೊತ್ತಿಗೆ ನಮ್ಮವರು ಊದಿನಕಡ್ಡಿ ಹಚ್ಚುವರು, ವನಜ ಆಚೆಯಿಂದ ನಗುವಳು. ಬೂತಾಯಿ ಅವಳ ಜೀವ. ಮುಳ್ಳನ್ನೂ ಬಿಡದೆ ಕಟಕಟ ಅಗಿದು ನುಂಗುತ್ತಿದ್ದಳು. ಗಂಟಲಲ್ಲಿ ಸಿಕ್ಕಿಕೊಂಡೀತು ಎಂದು ನಾನು ಗಾಬರಿಯಾದರೆ, "ಇದರಲ್ಲಿ ಮುಳ್ಳೇ ರುಚಿ ಮಾರಾಯ್ತಿ" ಎನ್ನುವಳು. ಆ ಗಂಟಲ ಹೊರಗೆ, ಕೊರಳ ಮೇಲೆ ಅಡ್ಡಕ್ಕೊಂದು ಗಾಯದ ಗೆರೆ ಇತ್ತು. ಹಿಂದಿನ ಚಳಿಗಾಲದಲ್ಲಿ ಪಟ್ಟಣದ ಒಂದು ಆಸ್ಪತ್ರೆಯಲ್ಲಿ ಅವಳ ಕೊರಳಿನ ಗಡ್ಡೆಯನ್ನು ಕೊಯ್ದು ತೆಗೆದಿದ್ದರು. ಗಡ್ಡೆ ಹೋದ ಮೇಲೆ ಎದೆ ಹೊಡೆದುಕೊಳ್ಳುವುದು ನಿಂತಿತು, ಮೈ ಕೈ ತುಂಬಿತು. ಗೆರೆ ಕಾಣದಂತೆ ಸೆರಗನ್ನು ಕೊರಳಿಗೆ ಸುತ್ತಿಕೊಂಡೇ ಇರುತ್ತಿದ್ದಳು. ಇನ್ನಾದರೂ ಮಕ್ಕಳಾದಾವು ಎಂದು ಎಲ್ಲರೂ ಕಾದರು. ಆಗಲಿಲ್ಲ.

ಆ ವರ್ಷ ಹಿಡಿದ ಮಳೆ ಬಿಡಲೇ ಇಲ್ಲ. ಕೋಣೆಗಳ ಮುಂದಿನ ಉದ್ದ ಗ್ಯಾಲರಿಯಲ್ಲಿ ಒಗೆದು ಹಾಕಿದ ಬಟ್ಟೆ ವಾರವಾದರೂ ಒಣಗದೆ ಮುಗ್ಗು ಹಿಡಿಯಿತು. ಹಗಲಲ್ಲೂ ದೀಪ ಬೇಕಾಗುವಷ್ಟು ಕತ್ತಲೆ. ದೋಣಿಗಳು ಕಡಲಿಗೆ ಇಳಿಯದ ತಿಂಗಳುಗಳಾದ್ದರಿಂದ ಹಸಿ ಮೀನು ಸಿಕ್ಕುತ್ತಿರಲಿಲ್ಲ. ವನಜ ಬೇಸಿಗೆಯಲ್ಲೇ ಒಣಗಿಸಿ ಮಡಕೆಯಲ್ಲಿ ತುಂಬಿಟ್ಟ ಬೂತಾಯಿಯಲ್ಲಿ ಕಾಲ ಕಳೆಯುತ್ತಿದ್ದಳು.

ಅಷ್ಟರಲ್ಲಿ ಊರಿನಿಂದ ಬಂದ ನೆಂಟನೊಬ್ಬ ಸುದ್ದಿ ತಂದ. ಶೀನಣ್ಣನ ತಾಯಿ ಅಲ್ಲೊಂದು ಹುಡುಗಿ ನೋಡಿದ್ದಾಳೆ. ಮಳೆಗಾಲ ಕಳೆದು ಮುಂಬಯಿಗೆ ಹಡಗು ಮತ್ತೆ ಶುರುವಾದ ಕೂಡಲೇ ಬಂದು ಮಗನನ್ನು ಒಪ್ಪಿಸುತ್ತಾಳೆ. ಒಬ್ಬಳಿರುವಾಗ ಇನ್ನೊಬ್ಬಳನ್ನು ಕಟ್ಟಿಕೊಳ್ಳಬಾರದೆಂದು ಕಾಯದೆ ಇತ್ತು, ಆದರೆ ಕಾಯದೆ ಆ ಊರಿನ ತನಕ ಹೋಗಿರಲಿಲ್ಲ. ಎರಡನೆಯವಳು ಬಂದರೆ ವನಜ ಊರಿಗೆ ಹೋಗಿ ಅತ್ತೆಯ ಹಟ್ಟಿಯ ಸೆಗಣಿ ಬಾಚಿಕೊಂಡಿರಬೇಕು. ಕುರ್ಲಾದ ಒಂದು ಕೋಣೆಯಲ್ಲಿ ಇಬ್ಬರು ಹೆಂಡಿರಿಗೆ ಜಾಗವಿಲ್ಲ.

ಶೀನಣ್ಣ ಕೆಟ್ಟವನಾಗಿರಲಿಲ್ಲ. ಅದೇ ಕಷ್ಟ. ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದಿತ್ತು. ತಾಯಿ ಎದುರು ಉಸಿರೆತ್ತದ, ಹೆಂಡತಿ ಅತ್ತರೆ ಎದ್ದು ಹೊರಗೆ ಹೋಗಿ ನಿಲ್ಲುವ ಗಂಡಸು ಅವನು.

ವನಜ ಊಟ ಬಿಟ್ಟಳು. ಹಟಕ್ಕಲ್ಲ, ಒಳಗೆ ಇಳಿಯುತ್ತಿರಲಿಲ್ಲ ಅಷ್ಟೆ. ನೆಪಕ್ಕೆ ಶುಕ್ರವಾರದ ಉಪವಾಸ ಹಿಡಿದಳು. ಪ್ರತಿ ಶುಕ್ರವಾರ ಗ್ಯಾಲರಿಯ ಕೊನೆಯ ಕೋಣೆಯಲ್ಲಿ ಶಾಂತಾಬಾಯಿ ಎಂಬ ಮರಾಠಿ ಹೆಂಗಸು ದೇವಿಯ ಭಜನೆ ಮಾಡಿಸುತ್ತಿದ್ದಳು. ಇಡೀ ಚಾಳಿನ ಹೆಂಗಸರು ಆ ಹತ್ತು ಅಡಿ ಕೋಣೆಯಲ್ಲಿ ಒತ್ತಿಕೊಂಡು ಕೂರುವುದು, ಬಾಗಿಲು ಮುಚ್ಚಿ ಕರ್ಪೂರ ಹಚ್ಚುವುದು, ತಾಳ ಬಡಿಯುವುದು. ಒಂದು ಶುಕ್ರವಾರ ಆರತಿಯ ಹೊತ್ತಿಗೆ ನನ್ನ ಪಕ್ಕದಲ್ಲಿ ಕೂತಿದ್ದ ವನಜ ಏದುಸಿರು ಬಿಡತೊಡಗಿದಳು. ಮುಖ ಬಿಗಿಯಿತು. ನೋಡನೋಡುತ್ತಲೇ ಅವಳ ಎರಡೂ ಕೈ ಮಣಿಕಟ್ಟಿನಲ್ಲಿ ಬಾಗಿ, ಬೆರಳೆಲ್ಲ ನೆಟ್ಟಗೆ ಒಂದಕ್ಕೊಂದು ಅಂಟಿಕೊಂಡು, ಹೆಬ್ಬೆರಳು ಅಂಗೈಯೊಳಕ್ಕೆ ಮಡಚಿಕೊಂಡು, ಮೂರ್ತಿಯ ಕೈಯಂತೆ ನಿಂತುಬಿಟ್ಟವು. ಮೈಯೆಲ್ಲ ನಡುಗುತ್ತಿತ್ತು.

"ಅಂಗಾತ್ ಆಲೀ! ದೇವೀ ಆಲೀ!" ಎಂದು, ದೇವಿ ಮೈಮೇಲೆ ಬಂದಳೆಂದು ಶಾಂತಾಬಾಯಿ ಕೂಗಿದಳು. ತಾಳ ಇನ್ನೂ ಜೋರಾಯಿತು. ಯಾರೋ ಓಡಿಹೋಗಿ ಹೋಟೆಲಿನಿಂದ ಶೀನಣ್ಣನನ್ನು ಕರೆತಂದರು. ಅವನ ಸೋದರಮಾವ ಊರಿನಲ್ಲಿ ದೈವ ಮೈಮೇಲೆ ಬಂದು ನುಡಿ ಕೊಡುವ ಪಾತ್ರಿ. ದೈವದ ಎದುರು ಹೇಗೆ ನಿಲ್ಲಬೇಕು, ಹೇಗೆ ಕೇಳಬೇಕು ಎನ್ನುವುದು ಅವನಿಗೆ ಹುಟ್ಟಿನಿಂದ ಗೊತ್ತು. ಬಾಗಿಲಲ್ಲೇ ಅಂಗಿ ಕಳಚಿ, ಹೆಗಲ ಮೇಲಿನ ಬಟ್ಟೆ ಸೊಂಟಕ್ಕೆ ಸುತ್ತಿ, ಕೈಮುಗಿದು ನಿಂತ.

"ಯಾರು ತಾಯೀ ನೀನು? ಎಂತ ಅಪ್ಪಣೆ?"

ವನಜಳ ಹಲ್ಲು ಕಚ್ಚಿಕೊಂಡಿತ್ತು. ಅದರ ನಡುವಿನಿಂದ ಒಂದು ದನಿ ಬಂತು, ಅವಳದೇ, ಆದರೆ ನಾನು ಎಂದೂ ಕೇಳಿರದಷ್ಟು ಗಟ್ಟಿ.

"ಈ ಮನೆಗೆ ಇನ್ನೊಬ್ಬಳು ಬರಬಾರದು."

ಶೀನಣ್ಣ ಉದ್ದಕ್ಕೆ ಬಿದ್ದ. ಹೆಂಡತಿಯ ಪಾದ ಹಿಡಿದುಕೊಂಡು ಮಗುವಿನ ಹಾಗೆ ಅತ್ತ.

ಮರುದಿನವೇ ಮೀನಿನ ಮಡಕೆ ಮನೆಯಿಂದ ಹೊರಗೆ ಹೋಯಿತು. ದರ್ಶನ ಬರುವ, ದೇವಿ ಇಳಿಯುವ ಮೈ ಶುದ್ಧ ಇರಬೇಕು ಎಂದು ಶೀನಣ್ಣ ತನ್ನ ಕೈಯಾರೆ ಅದನ್ನು ಒಯ್ದು ಕೆಳಗಿನ ಮನೆಯವರಿಗೆ ಕೊಟ್ಟ. ಶುಕ್ರವಾರದ ಜೊತೆಗೆ ಮಂಗಳವಾರದ ಉಪವಾಸವೂ ಸೇರಿತು. ಊಟವೆಂದರೆ ಒಪ್ಪತ್ತು, ಅವಲಕ್ಕಿ ಬಾಳೆಹಣ್ಣು. ನಮ್ಮವರು ಊದಿನಕಡ್ಡಿ ಹಚ್ಚುವುದು ನಿಂತಿತು. ಚಾಳಿಗೆ ಚಾಳೇ ಅವಳೆದುರು ತಲೆ ತಗ್ಗಿಸಿ ನಡೆಯತೊಡಗಿತು. ನಲ್ಲಿಯ ಸರದಿಯಲ್ಲಿ ಅವಳ ಕೊಡ ಮೊದಲು. ಶುಕ್ರವಾರ ಬಂದರೆ ಜನ ತೆಂಗಿನಕಾಯಿ ತಂದು ಕಾಯುವರು. ಉಪವಾಸ, ಹೊಗೆ, ತಾಳ, ಏದುಸಿರು, ಆಮೇಲೆ ಆ ಕೈ. ಒಂದು ವಾರವೂ ತಪ್ಪಲಿಲ್ಲ.

ನನಗೆ ಆ ಕೈ ನೋಡಿದರೆ ಹೆದರಿಕೆಯಾಗುತ್ತಿತ್ತು. ದೇವಿಯ ಹೆದರಿಕೆಯಲ್ಲ. ಮಧ್ಯಾಹ್ನ ಗಂಡಸರು ಹೋದ ಮೇಲೆ ವನಜ ನನ್ನ ಹೊಸಿಲಲ್ಲಿ ಕೂತು ಮೀನಖಂಡ ನೀವಿಕೊಳ್ಳುತ್ತಿದ್ದಳು. "ಇಲ್ಲಿ ಹಿಡಕೊಳ್ತದೆ, ಕಲ್ಲಿನ ಹಾಗೆ. ತುಟಿಯ ಸುತ್ತ ಇರುವೆ ಹರಿದ ಹಾಗೆ ಆಗ್ತದೆ. ಬೆರಳ ತುದಿಯಲ್ಲೂ ಹಾಗೇ" ಎಂದಳು. ಮೈ ಸೊರಗಿತ್ತು. ಉಗುರು ಒಡೆಯುತ್ತಿತ್ತು. ದೇವಿ ಬಂದವಳ ಮೈ ಬೆಳಗಬೇಕಲ್ಲವೇ, ಇದೇಕೆ ಹೀಗೆ ಬಾಡುತ್ತಿದೆ ಎಂದು ನನಗೆ ಬಗೆಹರಿಯಲಿಲ್ಲ.

ಒಂದು ಬುಧವಾರ ಬೆಳಗ್ಗೆ ನಲ್ಲಿಯ ಹತ್ತಿರ ಅವಳ ಕೈಯಿಂದ ಕೊಡ ಜಾರಿ ಬಿತ್ತು. ನೋಡಿದರೆ ಅದೇ ಕೈ, ಅದೇ ಬೆರಳು. ತಾಳವಿಲ್ಲ, ಕರ್ಪೂರವಿಲ್ಲ, ಶುಕ್ರವಾರವೂ ಅಲ್ಲ. ಸುತ್ತಲಿದ್ದವರು ಅಲ್ಲೇ ಕೆಸರಿನಲ್ಲಿ ಕೈಮುಗಿದು ಕೂತರು. ವನಜ ನನ್ನ ಕಡೆ ನೋಡಿದಳು. ಅವಳ ಕಣ್ಣಲ್ಲಿ ಇದ್ದದ್ದು ಬರೀ ಭಯ. ದೇವಿಗೆ ನಲ್ಲಿ ನೀರಿನ ಹತ್ತಿರ ಏನು ಕೆಲಸ ಎಂದು ನನಗೆ ಸಿಟ್ಟು ಬಂತು. ಅವಳಿಗೊಂದು ಶಾಲು ಹೊದೆಸಿ, ಕೊಡೆ ಹಿಡಿದು, ಸ್ಟೇಷನ್ನಿನ ಹತ್ತಿರದ ಡಾಕ್ಟರ ದವಾಖಾನೆಗೆ ಎಳೆದುಕೊಂಡೇ ಹೋದೆ.

ಡಾಕ್ಟರು ಪಾರ್ಸಿ ಮುದುಕರು, ಗುಜರಾತಿ ಬೆರೆಸಿ ಮರಾಠಿ ಮಾತಾಡುತ್ತಿದ್ದರು. ವನಜಳಿಗೆ ಅದು ತಿಳಿಯದು, ನಾನೇ ದುಭಾಷಿ. ನಾವು ತಲುಪುವ ಹೊತ್ತಿಗೆ ಕೈ ಸಡಿಲವಾಗಿತ್ತು. ಡಾಕ್ಟರು ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಸೆರಗು ಸರಿಸಿ ಕೊರಳಿನ ಗೆರೆ ನೋಡಿದರು. ಕಿವಿಯ ಮುಂದೆ ಕೆನ್ನೆಯ ಮೇಲೆ ಬೆರಳ ತುದಿಯಿಂದ ಮೆಲ್ಲಗೆ ಬಡಿದರು, ಅವಳ ತುಟಿಯ ಕೊನೆ ಪಟಕ್ಕನೆ ಸೆಳೆಯಿತು. ಆಮೇಲೆ ರಕ್ತದ ಒತ್ತಡ ನೋಡುವ ರಬ್ಬರ್ ಪಟ್ಟಿಯನ್ನು ತೋಳಿಗೆ ಸುತ್ತಿ ಗಾಳಿ ತುಂಬಿ, ಬಿಗಿಯಾಗಿ ಹಾಗೇ ಬಿಟ್ಟು, ತಮ್ಮ ಕೈಗಡಿಯಾರ ನೋಡುತ್ತ ಕೂತರು. ಹೊರಗೆ ಲೋಕಲ್ ಒಂದು ಹೋಯಿತು. ಸ್ವಲ್ಪ ಹೊತ್ತಿಗೆ ವನಜಳ ಬೆರಳು ಒಂದೊಂದಾಗಿ ನೆಟ್ಟಗಾದವು. ಹೆಬ್ಬೆರಳು ಒಳಗೆ ಮಡಚಿಕೊಂಡಿತು. ಮಣಿಕಟ್ಟು ಬಾಗಿತು.

ಚಾಳಿನ ದೇವಿ ರಬ್ಬರ್ ಪಟ್ಟಿಗೆ ಬಂದಿದ್ದಳು. ವನಜ ತನ್ನ ಕೈಯನ್ನು ತಾನೇ ನೋಡುತ್ತಿದ್ದಳು, ಬೇರೆಯವರ ಕೈ ನೋಡುವ ಹಾಗೆ.

"ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾಗಿದೆ" ಎಂದರು ಡಾಕ್ಟರು. ಗಂಟಲಿನ ಗಡ್ಡೆಯ ಹಿಂದೆ ಅಕ್ಕಿಕಾಳಿನಷ್ಟಿರುವ ಗ್ರಂಥಿಗಳಿರುತ್ತವೆ, ರಕ್ತದ ಸುಣ್ಣದಂಶವನ್ನು ಹದದಲ್ಲಿಡುವುದು ಅವುಗಳ ಕೆಲಸ, ಗಡ್ಡೆಯ ಜೊತೆಗೆ ಅವೂ ಹೋಗಿರಬೇಕು, ಎಲ್ಲೋ ಚೂರು ಉಳಿದಿರಬಹುದು ಎಂದು ವಿವರಿಸಿದರು. ಇಷ್ಟು ತಿಂಗಳು ಹೇಗೆ ನಡೆಯಿತು, ಏನು ತಿನ್ನುತ್ತಿದ್ದಳು ಎಂದು ಕೇಳಿದರು. ಮುಳ್ಳುಸಹಿತ ಮೀನು ತಿನ್ನುತ್ತಿದ್ದಳು, ದೇವಿ ಬಂದ ಮೇಲೆ ಬಿಟ್ಟಿದ್ದಾಳೆ ಎಂದೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಅವಳನ್ನು ಎತ್ತಿ ಹಿಡಿದಿದ್ದ ಕೋಲನ್ನೇ ಕಿತ್ತುಕೊಂಡಿರಲ್ಲ" ಎಂದರು.

ಆಮೇಲೆ ಕ್ಯಾಲ್ಸಿಯಂ ಸೂಜಿ ಚುಚ್ಚಿದರು. ಆ ಔಷಧಿಯನ್ನು ಅವಸರದಿಂದ ಕೊಟ್ಟರೆ ಎದೆ ನಿಂತೀತು ಎಂದು, ಒಂದು ಕೈ ಅವಳ ನಾಡಿಯ ಮೇಲಿಟ್ಟುಕೊಂಡು, ಹನಿಹನಿಯಾಗಿ ಒತ್ತಿದರು. "ಮೈಯೆಲ್ಲ ಬಿಸಿ ಆಗ್ತಾ ಉಂಟು ಸುಶೀಲಕ್ಕ" ಎಂದಳು ವನಜ. ನಾನು ಅವಳ ಇನ್ನೊಂದು ಕೈ, ಪಟ್ಟಿ ಸುತ್ತಿದ್ದ ಕೈ, ಹಿಡಿದುಕೊಂಡಿದ್ದೆ. ಅದರ ಬಿಗಿ ನನ್ನ ಅಂಗೈಯಲ್ಲೇ ಸಡಿಲಿತು. ಮೊದಲು ಹೆಬ್ಬೆರಳು ಹೊರಬಂತು, ಆಮೇಲೆ ಉಳಿದ ಬೆರಳುಗಳು ಬಿಚ್ಚಿಕೊಂಡವು. ಅಷ್ಟು ಸಂತೋಷ ನನಗೆ ನನ್ನ ಮಗ ಹುಟ್ಟಿದಾಗಲೂ ಆಗಿಲ್ಲ, ಸುಳ್ಳೇಕೆ ಹೇಳಲಿ.

ವನಜ ಬಿಚ್ಚಿದ ಬೆರಳುಗಳನ್ನು ಮಡಚಿ ಬಿಡಿಸಿ ನೋಡುತ್ತ ಕೇಳಿದಳು. "ಹಾಗಾದ್ರೆ ಇಷ್ಟು ದಿನ ಮಾತಾಡಿದ್ದು ಯಾರು?"

ಏನಂತೆ ಎಂದು ಡಾಕ್ಟರು ನನ್ನನ್ನು ಕೇಳಿದರು. ಗುಳಿಗೆ ಊಟಕ್ಕೆ ಮೊದಲೋ ಆಮೇಲೋ ಎಂದು ಕೇಳುತ್ತಿದ್ದಾಳೆ ಎಂದುಬಿಟ್ಟೆ.

ಗುಳಿಗೆ, ಬಿಸಿನೀರಿನಲ್ಲಿ ಕದಡಿ ಕುಡಿಯುವ ಒಂದು ಬಿಳಿ ಪುಡಿ, ಒಂದು ಬಾಟಲಿ ಮೀನೆಣ್ಣೆ. ಉಪವಾಸ ಕೂಡದು. ಹೊಗೆ ತುಂಬಿದ ಕೋಣೆಯಲ್ಲಿ ಕೂತು ಏದುಸಿರು ಬಿಡಕೂಡದು, ಬೇಗಬೇಗ ಉಸಿರಾಡಿದರೂ ಕೈ ಹಿಡಿದುಕೊಳ್ಳುತ್ತದೆ. ತುಟಿಯ ಸುತ್ತ ಇರುವೆ ಹರಿದರೆ ತಡಮಾಡದೆ ಬರಬೇಕು. ಬಾಗಿಲಿನ ತನಕ ಬಂದು ಡಾಕ್ಟರು ನನಗೆ ಇನ್ನೊಂದು ಮಾತು ಹೇಳಿದರು. "ಗಂಟಲಿನಿಂದ ಉಸಿರು ಕೂಗು ಹಾಕಿ ಒಳಗೆ ಹೋಗತೊಡಗಿತೋ, ಯಾರನ್ನೂ ಕೇಳಬೇಡ. ಎತ್ತಿಕೊಂಡು ಬಾ."

ದೇವಿಯ ಮೈಗೆ ಮೀನೆಣ್ಣೆಯೇ ಎಂದು ಶೀನಣ್ಣ ಬಾಟಲಿಯನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ಡಾಕ್ಟರು ಹೇಳಿದ್ದನ್ನು ನಾನೇ ಹೇಳಿದೆ. "ಡಾಕ್ಟರಿಗೆ ದೇವಿಯ ವಿಷಯ ಎಂತ ಗೊತ್ತುಂಟು ಅಕ್ಕಾ?" ಎಂದ. ಹಾಗಾಗಿ ಆ ಬಾಟಲಿ ನನ್ನ ಅಡುಗೆಯ ಮೂಲೆಗೆ ಬಂತು. ಉಪ್ಪಿನಕಾಯಿ ಭರಣಿಯ ಹಿಂದೆ, ಹಳೆ ಪಂಚೆಯಲ್ಲಿ ಸುತ್ತಿಟ್ಟೆ. ದಿನಾ ಸಂಧ್ಯಾವಂದನೆ ಮಾಡುವ ನಮ್ಮವರು ಮೂಗರಳಿಸಿ, "ಏನೋ ವಾಸನಿ ಬರ್ತದಲ್ಲ" ಎಂದರೆ, "ಇಲಿ ಸತ್ತಿರಬೇಕ್ರೀ" ಎಂದೆ. ಅವರು ಇಲಿ ಹುಡುಕಿದ್ದೇ ಹುಡುಕಿದ್ದು. ವನಜ ಬಾಯಿಗೆ ಸೆರಗಿಟ್ಟುಕೊಂಡು ನಕ್ಕಳು. ಆ ಮಳೆಗಾಲದಲ್ಲಿ ಅವಳು ಮನಸಾರೆ ನಕ್ಕದ್ದು ಆಗ ಮಾತ್ರ.

ದಿನಾ ಮಧ್ಯಾಹ್ನ ಬಂದು ಮೂಗು ಹಿಡಿದು ಎಣ್ಣೆ ಕುಡಿಯುವಳು, ಪುಡಿ ಕುಡಿಯುವಳು, ನಾನು ಕೊಟ್ಟ ಹಾಲು ಮೊಸರು ಉಣ್ಣುವಳು. ಡಾಕ್ಟರು ಮಾಡಿದ ಹಾಗೆ ಕೆನ್ನೆ ಬಡಿದು ನೋಡುತ್ತಿದ್ದೆ. ತುಟಿ ಸೆಳೆಯುವುದು ದಿನದಿನಕ್ಕೆ ಕಡಿಮೆಯಾಯಿತು. ಶ್ರಾವಣ ಮುಗಿಯುವ ಹೊತ್ತಿಗೆ ಕಾಲು ಹಿಡಿಯುವುದು ನಿಂತಿತು, ಮುಖಕ್ಕೆ ಬಣ್ಣ ಬಂತು.

ಶುಕ್ರವಾರದ ಭಜನೆಗೆ ಅವಳು ಹೋಗಲೇಬೇಕಿತ್ತು. ತಾಳ ಬಡಿದರು, ಕರ್ಪೂರ ಹಚ್ಚಿದರು, ಶೀನಣ್ಣ ಅಂಗಿ ಕಳಚಿ ಕೈಮುಗಿದು ನಿಂತ. ಏನೂ ಆಗಲಿಲ್ಲ. ಮುಂದಿನ ವಾರವೂ ಇಲ್ಲ. ಜನ ಅವರವರ ತೆಂಗಿನಕಾಯಿ ಅವರವರೇ ಎತ್ತಿಕೊಂಡು ಹೋದರು. ದೇವಿ ಮುನಿದಿದ್ದಾಳೆ ಎಂದಳು ಶಾಂತಾಬಾಯಿ. ನಲ್ಲಿಯ ಸರದಿಯಲ್ಲಿ ವನಜಳ ಕೊಡ ಮತ್ತೆ ಹಿಂದಕ್ಕೆ ಹೋಯಿತು. ಶೀನಣ್ಣ ಮೊದಲಿನಂತೆ ಮುಖ ತಪ್ಪಿಸತೊಡಗಿದ. ಹಡಗು ಶುರುವಾಯಿತಂತೆ, ಅಮ್ಮ ಹೊರಟಿದ್ದಾಳಂತೆ ಎಂದು ಒಂದು ದಿನ ಗೋಡೆಗೆ ಹೇಳಿದ ಹಾಗೆ ಹೇಳಿ ಹೋದನಂತೆ.

"ನೀನೇ ಬಾಯಿ ಬಿಟ್ಟ ಹೇಳಬಾರದೇನ, ಇನ್ನೊಬ್ಬಾಕಿ ಬ್ಯಾಡ ಅಂತ?" ಎಂದೆ ನಾನು.

ವನಜ ಪುಡಿಯ ಲೋಟ ಹಿಡಿದುಕೊಂಡು ಕೂತಿದ್ದಳು. "ನಾನು ಹೇಳಿದ್ರೆ ಯಾರು ಕೇಳ್ತಾರೆ? ಮದುವೆ ಆದಂದಿನಿಂದ ಹೇಳಿದ್ದೇನೆ, ಅದು ಬೇಕು, ಇದು ಬೇಡ ಅಂತ. ಒಂದಾದ್ರೂ ಅವರ ಕಿವಿಗೆ ಹೋದದ್ದುಂಟಾ? ಕೈ ಹೀಗೆ ಆದಾಗ ಮಾತ್ರ ಕೇಳಿದ್ದು." ಎಂದು ತನ್ನ ಬೆರಳುಗಳನ್ನು ತಾನೇ ಮಡಚಿ ತೋರಿಸಿದಳು. ಆಮೇಲೆ ಮೆಲ್ಲಗೆ ಎಂದಳು, "ಮಾತಾಡಿದ್ದು ನಾನೇ ಸುಶೀಲಕ್ಕ. ಆದ್ರೆ ನಾನು ಅಂತ ಗೊತ್ತಾದ್ರೆ ಯಾರೂ ಕೇಳ್ತಿರಲಿಲ್ಲ."

ಅವಳ ಕೈಯ ಲೋಟದಲ್ಲಿ ಪುಡಿ ತಳಕ್ಕೆ ಇಳಿದಿತ್ತು, ಮತ್ತೆ ಕದಡಿ ಕೊಟ್ಟೆ.

ನವರಾತ್ರಿಗೆ ಮುಂಚೆ ವನಜಳ ಅತ್ತೆ ಬಂದಿಳಿದಳು. ಹಡಗಿನ ಹೊಟ್ಟೆತೊಳಸಿಗೂ ಜಗ್ಗದ ಗಟ್ಟಿ ಹೆಂಗಸು. ಮಗನಿಗೆಂದು ಒಂದು ಬುಟ್ಟಿ ಒಣ ಬೂತಾಯಿ ಹೊತ್ತು ತಂದಿದ್ದಳು. ಈ ಮನೆಯಲ್ಲಿ ಮೀನು ಬೇಯಿಸುವ ಹಾಗಿಲ್ಲ ಎಂದು ಮಗ ಕಾರಣ ಹೇಳಿದ. ಅವಳು ಸೊಸೆಯನ್ನು ಅಡಿಯಿಂದ ಮುಡಿಯ ತನಕ ನೋಡಿದಳು. "ನಾನು ಎಷ್ಟೋ ದರ್ಶನ ನೋಡಿದವಳು. ಬರ್ಲಿ ನಿನ್ನ ದೇವಿ, ನಾನೂ ಕೇಳುವ. ಬರದಿದ್ರೆ ಮುಂದಿನ ಹಡಗಿಗೆ ಮಗನನ್ನು ಕರ್ಕೊಂಡು ಹೋಗುವುದೇ." ಗೋಡೆಯ ಈಚೆ ಕೂತ ನನಗೆ ಒಂದೊಂದು ಅಕ್ಷರವೂ ಕೇಳಿಸಿತು. ಬುಟ್ಟಿ ಗ್ಯಾಲರಿಯಲ್ಲೇ ಉಳಿಯಿತು, ಬಾಗಿಲಿಗೆ ಎರಡು ಹೆಜ್ಜೆ ದೂರದಲ್ಲಿ.

ಮಾರನೆಯ ದಿನದಿಂದ ವನಜ ಮಧ್ಯಾಹ್ನ ಬರಲಿಲ್ಲ. ನಾನೇ ಪುಡಿ ಕದಡಿಕೊಂಡು ಹೋದರೆ, ಅತ್ತೆ ಇದ್ದಾರೆ, ಆಮೇಲೆ ಎಂದು ಬಾಗಿಲಲ್ಲೇ ಕಳಿಸಿದಳು. ನವರಾತ್ರಿಯ ಉಪವಾಸ ಹಿಡಿದಿದ್ದಾಳೆಂದು ಗೊತ್ತಾಯಿತು. ನಲ್ಲಿಯ ಹತ್ತಿರ ಹಿಡಿದು ನಿಲ್ಲಿಸಿ ಕೆನ್ನೆ ಬಡಿದೆ. ಬಾಯಿಯ ಅರ್ಧ ಭಾಗವೇ ಸೊಟ್ಟಗೆ ಹಾರಿತು.

"ಏನ ಮಾಡ್ಕೊಳ್ಳಿಕತ್ತಿ ನೀ? 'ಗುಳಿಗಿ ತಗೋತೀನಿ' ಅಂತ ಆಣಿ ಮಾಡು" ಎಂದೆ.

"ಈ ಶುಕ್ರವಾರ ಒಂದು ಕಳೀಲಿ. ಶನಿವಾರ ಬಾಟಲಿ ಇಡೀ ಕುಡಿತೇನೆ ಮಾರಾಯ್ತಿ" ಎಂದು ನಕ್ಕಳು. ನಗು ಕೂಡ ನೆಟ್ಟಗೆ ಬರಲಿಲ್ಲ.

ನಾನು ಸುಮ್ಮನೆ ಕೂರಲಿಲ್ಲ. ಹೋಟೆಲಿಗೇ ಹೋಗಿ ಗಲ್ಲಾದ ಎದುರು ನಿಂತು ಶೀನಣ್ಣನಿಗೆ ಹೇಳಿದೆ, ಔಷಧಿ ಬಿಟ್ಟಿದ್ದಾಳೆ, ಜೀವಕ್ಕೆ ಅಪಾಯ ಇದೆ ಎಂದು. ಅತ್ತೆಗೂ ಹೇಳಿದೆ. ನೆರೆಮನೆಯ ಬ್ರಾಹ್ಮಣತಿಗೆ ನಮ್ಮ ದೇವರ ಉಸಾಬರಿ ಯಾಕೆ ಎಂದು ಅವಳು ಬಾಗಿಲು ಹಾಕಿಕೊಂಡಳು. ದವಾಖಾನೆಗೂ ಹೋಗಿ ಹೇಳಿದೆ, ಡಾಕ್ಟರು ಬರುತ್ತೇನೆಂದರು, ಬಂದರು ಕೂಡ. ವನಜ ತಾನೇ ಹೊರಗೆ ಬಂದು ನಿಂತು, ತಾನು ಆರಾಮ ಇದ್ದೇನೆಂದು ಡಾಕ್ಟರಿಗೆ ತಿಳಿಸಲು ನನಗೇ ಹೇಳಿದಳು. ನಾನು ಹಾಗೆ ಹೇಳಲಿಲ್ಲ. ಅವಳು ತಲೆಯಾಡಿಸಿ ಒಳಗೆ ಹೋದಳು. ಒಲ್ಲೆನೆನ್ನುವವಳಿಗೆ ಸೂಜಿ ಹೇಗೆ ಚುಚ್ಚಲಿ ಎಂದು ಮುದುಕರು ಬ್ಯಾಗು ಹಿಡಿದು ಮೆಟ್ಟಿಲಿಳಿದರು.

ಶುಕ್ರವಾರ ಸಂಜೆ ಗುಡುಗು ಇತ್ತು, ಮಳೆ ಇರಲಿಲ್ಲ. ಭಜನೆಗೆ ಗ್ಯಾಲರಿಯ ತುಂಬ ಜನ. ಅತ್ತೆ ಮುಂದೆ ಕೈಕಟ್ಟಿ ನಿಂತಿದ್ದಳು. ತಾಳ ಶುರುವಾದ ಕೂಡಲೇ ವನಜಳ ಕೈ ಹಿಡಿದುಕೊಂಡಿತು, ಕಾಲೂ ಹಿಡಿದುಕೊಂಡಿತು, ಬೆನ್ನು ಬಿಲ್ಲಿನಂತೆ ಬಾಗಿತು. ಶೀನಣ್ಣ ಕೇಳಲು ಬಾಯಿ ತೆರೆಯುವ ಮೊದಲೇ ಅವಳು ಶುರುಮಾಡಿದಳು. "ಈ ಮನೆಗೆ ಇನ್ನೊಬ್ಬಳು..."

ಅಷ್ಟೇ. ಮುಂದೆ ಮಾತಿನ ಬದಲು ಒಂದು ಕೂಗು ಬಂತು. ಉಸಿರು ಹೊರಗೆ ಬಿಟ್ಟ ಕೂಗಲ್ಲ, ಒಳಗೆ ಎಳೆದುಕೊಂಡ ಕೂಗು, ನಾಯಿಕೆಮ್ಮಿನ ಕೂಸು ಉಸಿರಿಗೆ ಒದ್ದಾಡುವ ಹಾಗೆ. ಮತ್ತೊಂದು. ಮತ್ತೊಂದು. ದೇವಿ ಗರ್ಜಿಸಿದಳು ಎಂದು ಇಡೀ ಚಾಳು ನೆಲಕ್ಕೆ ಬಿತ್ತು. ಅತ್ತೆಯ ಕಟ್ಟಿದ ಕೈ ಬಿಚ್ಚಿತು. ಆ ಗಟ್ಟಿ ಹೆಂಗಸು ಮೊಣಕಾಲೂರಿ ಸೆರಗೊಡ್ಡಿ, "ತಪ್ಪಾಯ್ತು ತಾಯೀ, ತರುವುದಿಲ್ಲ, ಇನ್ನೊಬ್ಬಳನ್ನು ಈ ಮನೆಗೆ ತರುವುದಿಲ್ಲ" ಎಂದು ಅಳತೊಡಗಿದಳು.

ವನಜಳಿಗೆ ಅದು ಕೇಳಿಸಿತೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳಿಸಿತು ಎಂದೇ ನಂಬಿದ್ದೇನೆ. ನಂಬದೆ ಬದುಕಲು ಆಗಲಿಲ್ಲ.

ನಾನು ಅಡ್ಡಬಿದ್ದವರ ಬೆನ್ನು ತುಳಿದುಕೊಂಡೇ ಹೋದೆ. ದೇವಿಯನ್ನು ಮುಟ್ಟಬೇಡ ಎಂದು ಶಾಂತಾಬಾಯಿ ನನ್ನ ಜಡೆ ಹಿಡಿದೆಳೆದಳು. "ಸಾಯ್ಲಿಕತ್ತಾಳ್ರೀ, ಬರ್ರಿ!" ಎಂದು ಕಿರುಚಿದೆ. ಬಂದದ್ದು ನಮ್ಮವರು. ಆಗಷ್ಟೇ ಸ್ನಾನ ಮಾಡಿ ಸಂಧ್ಯಾವಂದನೆಗೆ ಕೂತಿದ್ದವರು, ಬೇರೆ ಯಾರ ಸೆರಗು ತಾಕಿದರೂ ಮತ್ತೆ ಸ್ನಾನ ಮಾಡುವವರು, ಒದ್ದೆ ಪಂಚೆಯಲ್ಲೇ ಬಂದು ವನಜಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮೆಟ್ಟಿಲಿಳಿದರು. ಬೀದಿಯಲ್ಲಿ ಟಾಂಗಾ ಸಿಕ್ಕಿತು. ದವಾಖಾನೆ ರೇಲ್ವೆ ಫಾಟಕದ ಆಚೆ.

ಫಾಟಕ ಹಾಕಿತ್ತು. ಒಂದು ಲೋಕಲ್ ಹೋಯಿತು. ಇನ್ನೊಂದು ಕಡೆಯಿಂದ ಗೂಡ್ಸ್ ಬರುವುದಿತ್ತು, ಫಾಟಕ ತೆಗೆಯಲಿಲ್ಲ. ವನಜಳ ತಲೆ ನನ್ನ ತೊಡೆಯ ಮೇಲಿತ್ತು, ಅವಳ ಕೈ ನನ್ನ ಕೈಯಲ್ಲಿತ್ತು. ಕೂಗು ಸಣ್ಣದಾಗುತ್ತ ಬಂತು. ನಿಧಾನ ಉಸಿರಾಡವ್ವಾ, ನಿಧಾನ, ಎಂದು ಅವಳ ಕಿವಿಯಲ್ಲಿ ಹೇಳುತ್ತಲೇ ಇದ್ದೆ. ಗೂಡ್ಸಿನ ಡಬ್ಬಿಗಳು ಒಂದರ ಹಿಂದೆ ಒಂದು ಮುಗಿಯದೆ ಹೋಗುತ್ತಿರುವಾಗ, ನನ್ನ ಅಂಗೈಯಲ್ಲಿ ಅವಳ ಹೆಬ್ಬೆರಳು ಸಡಿಲಾಯಿತು. ಆಮೇಲೆ ಉಳಿದ ಬೆರಳು. ದವಾಖಾನೆಯಲ್ಲಿ ಆದ ಹಾಗೆಯೇ.

"ಕೈ ಬಿಚ್ಚಿತ್ರೀ, ನೋಡ್ರಿಲ್ಲೆ, ಕೈ ಬಿಚ್ಚಿತು!" ಎಂದು ನಾನು ಸಂತೋಷದಿಂದ ಕೂಗಿದೆ.

ನಮ್ಮವರು ಅವಳ ಕೈ ನೋಡುತ್ತಿರಲಿಲ್ಲ. ಮುಖ ನೋಡುತ್ತಿದ್ದರು.

ಶೀನಣ್ಣ ಮತ್ತೆ ಮದುವೆಯಾಗಲಿಲ್ಲ. ದೇವಿಗೆ ಕೊಟ್ಟ ಮಾತು. ಅತ್ತೆ ಒಬ್ಬಳೇ ಹಡಗು ಹತ್ತಿ ಹೋದಳು. ಅವನು ಗ್ಯಾಲರಿಯ ಕೊನೆಯಲ್ಲಿ ಒಂದು ಗೂಡು ಮಾಡಿಸಿ ಕುಂಕುಮ ಹಾಕಿ ದೀಪ ಹಚ್ಚತೊಡಗಿದ. ನಾವು ಆ ಬೇಸಿಗೆಯಲ್ಲೇ ವಿಲೆ ಪಾರ್ಲೆಗೆ ಮನೆ ಬದಲಾಯಿಸಿದೆವು. ಮೀನೆಣ್ಣೆಯ ಬಾಟಲಿ ಸಾಮಾನು ಕಟ್ಟುವಾಗ ನಮ್ಮವರ ಕೈಗೇ ಸಿಕ್ಕಿತು. ಅವರು ಅದನ್ನು ಪಂಚೆಯಲ್ಲಿ ಮತ್ತೆ ಸುತ್ತಿಟ್ಟರು.

ಮೊನ್ನೆ ಹೋದಾಗ ಚಾಳು ಇರಲಿಲ್ಲ, ಅಲ್ಲೊಂದು ಬಿಲ್ಡಿಂಗ್ ಎದ್ದಿದೆ. ಗೂಡು ಮಾತ್ರ ಕಾಂಪೌಂಡಿನ ಗೋಡೆಗೆ ಬಂದು ಕೂತಿದೆ. ಬಿಳಿ ಟೈಲ್ಸು, ಗಾಜಿನ ಬಾಗಿಲು, ಬೆಳ್ಳಿಯ ಕಣ್ಣು. ಹೂವು ಬದಲಾಯಿಸುತ್ತಿದ್ದ ಹುಡುಗಿಯನ್ನು ಇದು ಯಾವ ದೇವಿ ಎಂದು ಕೇಳಿದೆ. ಬಹಳ ಹಳೇ ದೇವಿ, ಬೇಡಿದ್ದನ್ನೆಲ್ಲ ಕೊಡುತ್ತಾಳೆ ಎಂದಳು. ನಾನು ಚೀಲದಿಂದ ಪೊಟ್ಟಣ ತೆಗೆದು ಗೂಡಿನ ಮುಂದೆ ಬಿಚ್ಚಿಟ್ಟೆ. ವಾಸನೆಗೆ ಹುಡುಗಿ ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದಳು.

"ಅರೇ ಆಜಿ, ಯೇ ಕ್ಯಾ ಕರ್ ರಹೀ ಹೋ? ಮಾತಾ ಕೋ ಮಚ್ಛೀ ನಹೀ ಚಲ್ತೀ!"

ದೇವಿಗೆ ಮೀನು ಆಗದಂತೆ. ಅವಳಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಧಾರವಾಡದ ಮಾತಿನಲ್ಲೇ ಹೇಳಿದೆ.

"ಈಕಿ ಮೀನ ತಿಂತಿದ್ಲವ್ವಾ. ತಿನ್ನೂತನಕಾ ಬದುಕಿದ್ಲು."